ಎಮುವಿಗೊಂದು ಮೂಲೆ

ಬೆಳಿಗ್ಗೆ ಏಳರ ಹೊತ್ತಿಗೆ ಇಂಡಿಯಲ್ಲಿ ರೈಲು ಇಳಿದಾಗ ಒಳ್ಳೆಯ ಚಳಿಯಿತ್ತು. ಮೃಗಾಲಯಗಳಿಗೆ ಆವರಣ ವಿನ್ಯಾಸ ಮಾಡುವುದು ನನ್ನ ಕೆಲಸ. ಈ ಸಲ ಆಸ್ಟ್ರೇಲಿಯವನ್ನೇ ಕಟ್ಟಿಕೊಡಬೇಕಿತ್ತು: ಕೆಂಪು ಮಣ್ಣು, ನೀಲಗಿರಿ ಮರ, ನಡುವೆ ಎಮು ಪಕ್ಷಿಗಳು. ನೋಡಲು ಬಂದವರಿಗೆ ಆ ನೆಲದಲ್ಲೇ ಓಡಾಡಿದಂತೆ ಅನಿಸಬೇಕು. ಹೂವಿನ ಹಿಪ್ಪರಗಿಯ ನಿವೃತ್ತ ಶಿಕ್ಷಕಿ ಕಾಶೀಬಾಯಿಯವರ ಬಳಿ ಒಂದು ಜೋಡಿ ಎಮು ಇವೆ, ಕೊಡುತ್ತಾರೋ ಕೇಳಿ ಬನ್ನಿ ಎಂದಿದ್ದರು ಮೃಗಾಲಯದ ಅಧಿಕಾರಿ. ನಿಜ ಹೇಳಬೇಕೆಂದರೆ, ನಾನು ಅದುವರೆಗೆ ಎಮುವನ್ನು ಹತ್ತಿರದಿಂದ ನೋಡಿರಲೇ ಇಲ್ಲ.

ಸಿಂದಗಿಯ ಬಸ್ಸಿನಲ್ಲಿ ಆಧಾರ್ ಕಾರ್ಡ್ ತೋರಿಸಿ ಶೂನ್ಯ ಟಿಕೆಟ್ ಪಡೆದೆ. ನಿಂಬೆಹಣ್ಣಿನ ಚೀಲ ಹಿಡಿದು ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ನಕ್ಷೆಯನ್ನು ಇಣುಕಿದರು.

"ಹೊಲದ ನಕಾಶೆ ಏನವ್ವಾ?"

"ಆಸ್ಟ್ರೇಲಿಯದ್ದು ಅಜ್ಜಿ."

"ಇಷ್ಟ ಸಣ್ಣದೈತೇನು?"

ಸಿಂದಗಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿಯ ಊಟ ಮುಗಿಸಿ ಹಿಪ್ಪರಗಿ ತಲುಪುವಾಗ ಮೂರೂವರೆ. ಬಿಸಿಲು ಚುರುಗುಟ್ಟುತ್ತಿತ್ತು. ಕಾಶೀಬಾಯಿಯವರ ಮನೆಯ ಹಿತ್ತಲಿಗೆ ಕಾಲಿಡುತ್ತಲೇ ಡೋಲು ಬಡಿದಂಥ ಸದ್ದು ಕೇಳಿತು. ನನ್ನೆತ್ತರದ ಹೆಣ್ಣು ಎಮು ಕತ್ತು ಉಬ್ಬಿಸಿ ಆ ಸದ್ದು ಮಾಡುತ್ತ ನನ್ನನ್ನೇ ದಿಟ್ಟಿಸುತ್ತಿತ್ತು. ಗಂಡು ಎಲ್ಲಿ ಎಂದು ಹುಡುಕಿದೆ. ಬೇವಿನ ಮರದ ಹಿಂದೆ, ತೊಗರಿ ಕಟ್ಟಿಗೆಯ ಮರೆಯಲ್ಲಿ ಅದು ನೆಲಕ್ಕಂಟಿ ಕೂತಿತ್ತು.

"ತತ್ತಿ ಮ್ಯಾಲೆ ಕುಂತೈತ್ರಿ," ಎಂದರು ಕಾಶೀಬಾಯಿ. "ಕಾವು ಕೊಡಾವ ಗಂಡಾನ. ತಿಂಗಳಾತು, ಕಾಳು ಮುಟ್ಟಿಲ್ಲ."

ಅವರು ಪೈಪು ಹಿಡಿದು ನೆಲಕ್ಕೆ ನೀರು ಬಿಟ್ಟರು. ಹೆಣ್ಣು ಓಡಿಬಂದು ಕೆಸರಿನಲ್ಲಿ ಬಿದ್ದು ಎಮ್ಮೆಯಂತೆ ಹೊರಳಾಡಿತು. ಆಸ್ಟ್ರೇಲಿಯವೆಂದರೆ ಒಣ ನೆಲ ಎಂದುಕೊಂಡು ನಾನು ಒಂದು ಹೊಂಡವನ್ನೂ ಬರೆದಿರಲಿಲ್ಲ.

ನಕ್ಷೆ ಬಿಚ್ಚಿದೆ. ಅವರು ಕನ್ನಡಕ ಏರಿಸಿ, ಆವರಣದ ಸುತ್ತ ನಾನು ಬರೆದಿದ್ದ ಕಾಲುದಾರಿಯ ಮೇಲೆ ನಿಧಾನವಾಗಿ ಬೆರಳಾಡಿಸಿದರು.

"ನಾಕೂ ಕಡೆ ಮಂದಿ ನಿಂತ್ರ ಇದು ಬೆನ್ನು ಯಾವ ಕಡೆ ಮಾಡಬೇಕ್ರಿ?"

ನೋಡುವವರ ಕಣ್ಣಿಗಾಗಿ ಎರಡು ತಿಂಗಳು ಗೆರೆ ಎಳೆದಿದ್ದೆ. ನೋಡಿಸಿಕೊಳ್ಳುವ ಜೀವದ ಬಗ್ಗೆ ಯೋಚಿಸಿರಲಿಲ್ಲ.

ಸಂಜೆಯವರೆಗೆ ಅವರ ಪಡಸಾಲೆಯಲ್ಲೇ ಕೂತು ಮೂರು ಕಡೆಯ ದಾರಿ ಅಳಿಸಿದೆ. ಕೆಸರುಹೊಂಡ ಬಂತು, ಪೊದೆಗಳು ಬಂದವು. ಮೃಗಾಲಯದ ಅಧಿಕಾರಿಗೆ ಫೋನ್ ಮಾಡಿದೆ. "ಟಿಕೆಟ್ ತಗೊಂಡವರಿಗೆ ಹಕ್ಕಿ ಕಾಣದಿದ್ದರೆ?" ಎಂದು ರೇಗಿದರು.

"ಕಾಯುತ್ತಾರೆ ಸರ್. ಹುಡುಕಿ ಕಂಡರೆ ಖುಷಿ ಹೆಚ್ಚು," ಎಂದೆ. ಅತ್ತಲಿಂದ ಅವರು ಗೊಣಗಿದರು: "ಬರೆದು ತನ್ನಿ, ನೋಡೋಣ."

ಮರುದಿನ ಹೊರಡುವಾಗ ಕಾಶೀಬಾಯಿ ಹೊಸ ನಕ್ಷೆಯನ್ನು ಇನ್ನೊಮ್ಮೆ ನೋಡಿದರು. "ಮರಿ ದೊಡ್ಡವಾದ ಮ್ಯಾಲೆ ಈ ಜೋಡಿನ ನಾನ ಕರಕೊಂಡು ಬರ್ತೇನಿ. ಮರೆಯಾಗಾಕ ಜಾಗಾ ಇಲ್ಲಂದ್ರ ಅದ ಗಾಡ್ಯಾಗ ತಿರುಗಿ ಒಯ್ತೇನಿ, ನೋಡ್ರಿ ಮತ್ತ."

ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಿ, ಆವರಣಕ್ಕೆ ಬಂಡೆಗಳನ್ನು ಆರಿಸಲು ಮುದ್ದೇಬಿಹಾಳಕ್ಕೆ ಹೋದೆ. ಊರಾಚೆಯ ಅಂಗಳದಲ್ಲಿ ಕಲ್ಲಿನ ವ್ಯಾಪಾರಿ ನುಣುಪಾದ, ಚೆಂದದ ಕೆಂಪು ಕಲ್ಲುಗಳನ್ನು ತೋರಿಸುತ್ತ ಹೋದ. ನಾನು ಒರಟಾದೊಂದು ಅಗಲ ಬಂಡೆಯ ಹಿಂದೆ ಹೋಗಿ, ಮೊಣಕಾಲು ಮಡಚಿ, ನೆಲಕ್ಕಂಟಿ ಕುಳಿತೆ.

"ನಾನು ಕಾಣ್ತೇನಾ?" ಎಂದು ಕೂಗಿದೆ.

ಆತ ಆ ಕಡೆ ಈ ಕಡೆ ಓಡಾಡಿದ ಸದ್ದು ಕೇಳಿಸಿತು. "ಇಲ್ರಿ ಅಕ್ಕಾರ... ಏನಾತ್ರಿ ನಿಮಗ?"

"ಏನಿಲ್ಲ. ಇದೇ ಇರಲಿ," ಎಂದೆ. ಆದರೂ ತಕ್ಷಣ ಏಳಲಿಲ್ಲ. ಬಂಡೆಯ ನೆರಳು ತಂಪಾಗಿತ್ತು.