ಮುಂದಿನ ಶತಮಾನದ ನೀರು

ಮದರಾಸಿನಲ್ಲಿ ಮನೆಗೆ ಬಂದ ಅತಿಥಿ ಚಪ್ಪಲಿ ಬಿಡುವ ಮೊದಲೇ ಕೇಳುವ ಕುಶಲಪ್ರಶ್ನೆ ಒಂದೇ: "ತಣ್ಣಿ ವಂದುಚ್ಚಾ?" ನೀರು ಬಂತೇ ಎಂಬುದು ಇತ್ಯರ್ಥವಾದ ಮೇಲೆಯೇ ನಮ್ಮ ಆರೋಗ್ಯ, ಮಕ್ಕಳ ವಿದ್ಯಾಭ್ಯಾಸ, ದೇಶದ ಭವಿಷ್ಯ ಮುಂತಾದ ಕ್ಷುಲ್ಲಕ ವಿಚಾರಗಳು. ಎಂಬತ್ತರ ದಶಕದ ಆರಂಭದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು, ಓದುಗ ಮಹಾಶಯರೇ, ನನಗೆ ಸಂಬಳವನ್ನೇ ಕೊಡುತ್ತಿದ್ದರು. ಮುಂದಿನ ಶತಮಾನ ಬರುವ ಹೊತ್ತಿಗೆ ಪಟ್ಟಣಕ್ಕೆ ಎಷ್ಟು ನೀರು ಬೇಕು, ಅದು ಎಲ್ಲಿಂದ ಬರಬೇಕು ಎಂದು ಅಂದಾಜು ಮಾಡುವ ಕಚೇರಿಯಲ್ಲಿ ನಾನೊಬ್ಬ ಇಂಜಿನಿಯರು. ಇನ್ನೂ ಹುಟ್ಟದವರ ಬಾಯಾರಿಕೆಯನ್ನು ಫ್ಯಾನಿನ ಕೆಳಗೆ ಕುಳಿತು ಅಳೆಯುತ್ತಿದ್ದೆವು. ಬಾವಿಯಿರುವ ಮನೆಗಳಿಗೆ ಕೊಳಾಯಿ ನೀರು ಕಡಿಮೆ ಸಾಕೆಂದು ಕಳೆದುಬಿಡುವುದು ನಮ್ಮ ಪದ್ಧತಿ. ಬಾವಿಯೂ ಬತ್ತೀತು ಎಂಬ ಸಂಶಯ ಸಭೆಯಲ್ಲಿ ಯಾರಿಗೂ ಬರಲಿಲ್ಲ.

ವೆಸ್ಟ್ ಮಾಂಬಲಂನ ನಮ್ಮ ಬಾಡಿಗೆ ಮನೆಯ ಬಾವಿಯನ್ನು ನಂಬಿಯೇ ಅಮ್ಮ ಮೈಸೂರಿನಿಂದ ಬಂದಿದ್ದಳು. ಮಡಿಯಲ್ಲಿ ತಾನೇ ಸೇದಿದ ನೀರಲ್ಲದೆ ಬೇರೆಯದನ್ನು ಆಕೆ ಕುಡಿಯಳು. ಬೀದಿಯ ಕೈಪಂಪಿನೊಳಗೆ ಚರ್ಮದ ವಾಷರ್ ಇರುವುದು ಆಕೆಗೆ ಹೇಗೋ ಗೊತ್ತಾಗಿತ್ತು. ಪಕ್ಕದ ಸೈಟಿನಲ್ಲಿ ಫ್ಲ್ಯಾಟು ಎದ್ದಿತು, ಬೋರು ಇಳಿಯಿತು, ಆ ಬೇಸಿಗೆಯಲ್ಲಿ ನಮ್ಮ ಕೊಡ ಬಾವಿಯಿಂದ ಕೆಸರು ಮೆತ್ತಿಕೊಂಡು ಮೇಲೆ ಬಂತು. "ಪಾಟ್ಟಿ, ಕೆಣತ್ತುಲ ತಣ್ಣಿ ಇಲ್ಲೆ," ಎಂದು ಬಾವಿಯಲ್ಲಿ ನೀರಿಲ್ಲದ ಸುದ್ದಿ ಕೊಟ್ಟಳು, ಅಜ್ಜಿಗೆ ತಮಿಳಿನಲ್ಲೇ ಉತ್ತರ ಕೊಡುವ ನನ್ನ ಮಗಳು.

ಅಮ್ಮ ಕೆಲವು ದಿನ ಎಳನೀರಿನಲ್ಲೇ ಕಳೆದಳು. "ಈಗೆಲ್ಲಾ ರಬ್ಬರ್ ವಾಷರ್ ಅಮ್ಮ," ಎಂದು ಶಾಸ್ತ್ರಕ್ಕೂ ವಿಜ್ಞಾನಕ್ಕೂ ರಾಜಿ ಮಾಡಿಸಲು ಹೋದೆ. ಆಕೆ ನಂಬಲಿಲ್ಲ. "ಬಾವಿ ಇದೆ ಬಾ ಅಂದ್ಯಲ್ಲೋ," ಎಂದಳು ಅಷ್ಟೇ. ಮುಂದಿನ ಶತಮಾನವನ್ನೇ ವಹಿಸಿಕೊಂಡ ಕಚೇರಿಯ ಮೇಲೆ ಅಂದು ನನಗೆ ಹುಟ್ಟಿದ ಅಸಹ್ಯ ಇವತ್ತಿಗೂ ಇಳಿದಿಲ್ಲ.

ಆಮೇಲೊಂದು ಬೆಳಿಗ್ಗೆ, ನನ್ನ ಹೆಂಡತಿ ಪಂಪು ಹೊಡೆದು ತಂದ ಕೊಡವನ್ನು ಅಮ್ಮ ಅಡುಗೆಮನೆಗೆ ತರಿಸಿಕೊಂಡಳು. ದೇವರ ಗೂಡಿನಿಂದ ಕಾಶಿ ಗಂಗೆಯ ಪುಟ್ಟ ತಾಮ್ರದ ಗಿಂಡಿ ತೆಗೆದು, ಅದರ ಬೆಸುಗೆ ಕಿತ್ತು, ಶುದ್ಧಿಗೆಂದು ಒಂದು ಹನಿಯನ್ನು ಕೊಡದೊಳಗೆ ಬಿಟ್ಟಳು.

"ಸಾಯೋ ಹೊತ್ತಿಗೆ ಅಂತ ಇಟ್ಟಿದ್ದೆ. ಅಲ್ಲೀತನಕ ಬದುಕ್ಬೇಕಲ್ಲೋ," ಎಂದು ಅಕ್ಕಿ ತೊಳೆಯಲು ಕುಳಿತಳು.

ದಿನವೂ ಹನಿ ಹನಿಯಾಗಿ, ಮಳೆ ಬರುವ ಮೊದಲೇ ಗಿಂಡಿ ಬರಿದಾಯಿತು. ಮುಂದೆ ಅಮ್ಮ ಹೋದದ್ದೂ ಅದೇ ಮನೆಯಲ್ಲಿ. ಕೊನೆಯ ಗುಟುಕಿಗೆ ಆಕೆ ಬಾಯಿ ತೆರೆದಾಗ ನಾನು ಬಿಟ್ಟದ್ದು ಕೈಪಂಪಿನ ನೀರು.