ಅಮ್ಮನ ಹಪ್ಪಳಕ್ಕೆ ಸುಂಕ

ಕಚ್ಚಾ ಎಣ್ಣೆ ಬೆಲೆ ಬಿದ್ದು, ಗಲ್ಫಿನ ರುಸೈಲ್‌ನ ನಮ್ಮ ಕಾರ್ಖಾನೆಯ ಮೆಸ್ಸಿನಲ್ಲಿ ಬರೀ ದಾಲ್ ಉಳಿದಿದ್ದ ಕಾಲ. ಈಗ ನೆನೆದರೆ ಆ ದಿನಗಳೇ ಚೆಂದ ಇದ್ದವು. ಮೆಸ್ ಲೀಡರ್ ಆಗಲು ನಿಂತ ಉಡುಪಿಯ ವಿಶ್ವಣ್ಣ, "ಊರಿಂದ ಬರುವ ಪ್ರತಿ ತಿಂಡಿಗೂ ಸುಂಕ. ಅರ್ಧ ಪಾಲು ಮೆಸ್ಸಿಗೆ" ಎಂದು ಸಾರಿದರು. ಮಂಚದಡಿ ಮೈಸೂರುಪಾಕ್ ಬಚ್ಚಿಡುವ ಸ್ಟೋರ್‌ಕೀಪರ್ ರಾಜಪ್ಪನಿಗೆ ಬುದ್ಧಿ ಬರಲಿ ಎಂದು ನಾನೇ ಶಿಳ್ಳೆ ಹೊಡೆದು ಅವರನ್ನು ಗೆಲ್ಲಿಸಿದೆ.

ಮರುವಾರ ನನ್ನಮ್ಮನ ಹಲಸಿನ ಹಪ್ಪಳ ಬಂತು, ವರ್ಷಕ್ಕೊಂದೇ ಕಟ್ಟು. ವಿಶ್ವಣ್ಣ ಸರಿಯಾಗಿ ಅರ್ಧ ಎತ್ತಿಕೊಂಡರು.

"ಅಣ್ಣಾ, ಇದು ಅಮ್ಮ ಮಾಡಿದ್ದು!"

"ಅಮ್ಮ ಊರಲ್ಲೇ ಅಲ್ವಾ ಇರೋದು ಮಾರಾಯ? ನಾನು ಮೊದಲೇ ಹೇಳಿರ್ಲಿಲ್ವಾ?"

"ಹೇಳಿದ್ರಿ. ರಾಜಪ್ಪನಿಗೆ ಮಾತ್ರ ಅಂದ್ಕೊಂಡಿದ್ದೆ."

"ಎಲ್ಲರೂ ಹಾಗೇ ಅಂದ್ಕೊಂಡದ್ದಕ್ಕೇ ನಾನು ಗೆದ್ದದ್ದು."

ಊಟದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಪ್ಪಳ ಕಡಿದವನು ರಾಜಪ್ಪ. ಆ ವರ್ಷ ಅವನಿಗೆ ಊರಿಂದ ಒಂದು ಪೊಟ್ಟಣವೂ ಬರಲಿಲ್ಲ.