ಹದಿನೇಳು ನಿಮಿಷದ ಹಾಡು

ಆ ಹಾಳೆಯನ್ನು ಮ್ಯಾನೇಜರ್ ಲಿಂಡಾಳ ಕೈಗೆ ಕೊಟ್ಟವಳು ನಾನು, ಇಲಿಯಾಸಣ್ಣ. ರೇಡಿಯೋದ ನಿಮ್ಮ ಶನಿವಾರದ ಕಾರ್ಯಕ್ರಮ ಕೈತಪ್ಪಿದ್ದು, ಸರ್ಕಾರದ ಕಡೆಯ ಕೋಟು ಹಾಕಿದ ಇಬ್ಬರು ನಿಮ್ಮ ಅಂಗಡಿಗೆ ಬಂದು ಗಿರಾಕಿಗಳ ಎದುರಿಗೇ ಪ್ರಶ್ನೆ ಕೇಳಿದ್ದು, ನೀವು ಡೆಟ್ರಾಯಿಟ್ ಬಿಟ್ಟು ಶಿಕಾಗೋ ಸೇರಿದ್ದು — ಎಲ್ಲಕ್ಕೂ ಮೂಲ ನನ್ನ ಕೈಬರಹದ ಒಂದೇ ಒಂದು ಹಾಳೆ. ಎಂಟು ವರ್ಷದಿಂದ ಹೇಳಬೇಕು ಹೇಳಬೇಕು ಎಂದು ಒದ್ದಾಡುತ್ತಿದ್ದೆ ಎಂದು ಬರೆಯಹೊರಟಿದ್ದೆ. ಅದೂ ಸುಳ್ಳು. ಹೇಳಲೇಬಾರದು ಎಂದೇ ಇದ್ದೆ.

ನನ್ನದು ಹುಟ್ಟಾ ಸಂಶಯದ ಬುದ್ಧಿ. ಮೈಸೂರಿನಲ್ಲಿದ್ದಾಗ ಹಾಲಿನವನು ಬಂದರೆ ಮೊದಲು ಬೆರಳದ್ದಿ ನೋಡುತ್ತಿದ್ದವಳು. ಈ ದೇಶಕ್ಕೆ ಬಂದಮೇಲೆ ಅದು ಇನ್ನೂ ಜಾಸ್ತಿಯಾಯಿತು. ಗಂಡನ ವೀಸಾದ ಮೇಲೆ ಬಂದವಳಿಗೆ ಕೆಲಸ ಮಾಡುವ ಹಕ್ಕಿಲ್ಲ. ಶ್ರೀಧರ ಬೆಳಗ್ಗೆ ಏಳಕ್ಕೆ ಕೆಲಸಕ್ಕೆಂದು ಡಿಯರ್‌ಬಾರ್ನ್‌ಗೆ ಹೊರಟರೆ ರಾಚೆಸ್ಟರ್ ಹಿಲ್ಸ್‌ನ ಆ ಅಪಾರ್ಟ್‌ಮೆಂಟಿನಲ್ಲಿ ನಾನು, ಕಿಟಕಿ, ಎದುರಿನವರ ಕಾರು. ಯಾರು ಎಷ್ಟು ಹೊತ್ತಿಗೆ ಹೋದರು, ಯಾವಾಗ ಬಂದರು — ಅದೇ ನನ್ನ ಉದ್ಯೋಗವಾಗಿತ್ತು. ಸಂಬಳವಿಲ್ಲದಿದ್ದರೂ ಪರವಾಗಿಲ್ಲ, ಮನೆಯಿಂದ ಹೊರಗೆ ಬಿದ್ದರೆ ಸಾಕು ಎಂದು ಆ ಪುಟ್ಟ ರೇಡಿಯೋ ಸ್ಟೇಷನ್ನಿಗೆ ಸೇರಿದೆ. ಕಾಲೇಜಿನ ಮೇಲ್ಮಹಡಿಯಲ್ಲಿ ಮೂರು ಕೋಣೆ, ದುಡ್ಡಿಲ್ಲದೆ ದುಡಿಯುವ ಹತ್ತು ಹನ್ನೆರಡು ಜನ. ನನಗೆ ಸಿಕ್ಕಿದ್ದು ಲಾಗ್ ಬರೆಯುವ ಕೆಲಸ: ಯಾವ ಹಾಡು ಎಷ್ಟು ಗಂಟೆಗೆ ಶುರುವಾಯಿತು, ಎಷ್ಟಕ್ಕೆ ಮುಗಿಯಿತು, ನಿಮಿಷ ಸಮೇತ ಬರೆದಿಡುವುದು. ನನ್ನಂಥವಳ ಕೈಗೆ ಅಂಥ ಪುಸ್ತಕ ಕೊಟ್ಟರಲ್ಲ!

ನೀವು ದಾವಣಗೆರೆಯವರು ಎಂದು ಗೊತ್ತಾದ ದಿನ ನಾನು ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಕಾರಿಗೆ ಸ್ಟೀರಿಯೋ ಕೂರಿಸುವ ಅಂಗಡಿ ಇಟ್ಟುಕೊಂಡು, ಶನಿವಾರ ನಾಲ್ಕರಿಂದ ಎಂಟರವರೆಗೆ ಅಮೆರಿಕದವರಿಗೆ ರಾಕ್ ಹಾಡು ಕೇಳಿಸುತ್ತಿದ್ದ ಕನ್ನಡದವರು! "ಏನ್ ತಂಗೀ, ಮೈಸೂರೋರಾ ನೀವು? ಹಂಗಾರೆ ಮೈಸೂರ್ ಪಾಕ್ ಎಲ್ಲೈತಿ?" ಎಂದಿರಿ. ಮುಂದಿನ ಶನಿವಾರ ಮಾಡಿಕೊಂಡು ಬಂದೆ. ಕಲ್ಲಿನಂತಾಗಿತ್ತು. "ಇದನ್ನ ಅಂಗಡೀಲಿ ಕಾರಿನ ಚಕ್ರಕ್ಕೆ ಅಡ್ಡ ಕೊಡ್ತೀನಿ ತಂಗಿ, ಉರುಳದಂಗೆ" ಎಂದು ಎರಡು ತುಂಡು ತಿಂದಿರಿ.

ಉದ್ದದ ಹಾಡಿನ ಗುಟ್ಟು ಹೇಳಿಕೊಟ್ಟವನು ಗ್ಯಾರಿ. ಅಂಚೆ ಇಲಾಖೆಯಿಂದ ನಿವೃತ್ತನಾಗಿ ಶುಕ್ರವಾರದ ಕಾರ್ಯಕ್ರಮ ನಡೆಸುತ್ತಿದ್ದ ಮುದುಕ, ನಿಮ್ಮ ಜೀವದ ಗೆಳೆಯ. ಇಪ್ಪತ್ತೆರಡು ನಿಮಿಷದ ಹಾಡನ್ನು ಇವರೆಲ್ಲ ಯಾಕೆ ಇಷ್ಟೊಂದು ಪ್ರೀತಿಯಿಂದ ಹಾಕುತ್ತಾರೆ, ಅದರಲ್ಲಿ ಏನು ಮಹಾ ಇದೆ ಎಂದು ಕೇಳಿದ್ದಕ್ಕೆ ಅವನು ಕೆಮ್ಮು ಬರುವಷ್ಟು ನಕ್ಕಿದ್ದ. ಅಮ್ಮಾ, ಹಾಡಿನ ಮೇಲಿನ ಭಕ್ತಿಯಲ್ಲ ಅದು — ಮೂರು ನಿಮಿಷದ ಹಾಡು ಹಾಕಿದರೆ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ, ಡೀಜೆಗೂ ಹೊಟ್ಟೆ ಇದೆ, ಮೂತ್ರಕೋಶವೂ ಇದೆ ಎಂದ. ಗ್ಯಾರಿಯ ಇಪ್ಪತ್ತೆರಡು ನಿಮಿಷ ಎರಡು ಸಿಗರೇಟಿಗೆ. ಮಂಗಳವಾರದ ಹುಡುಗಿಯ ಹನ್ನೊಂದು ನಿಮಿಷ ಬಾಯ್‌ಫ್ರೆಂಡಿನ ಜೊತೆ ಜಗಳಕ್ಕೆ. ಭಾನುವಾರದವನದು ಪಿಜ್ಜಾ ಬಿಸಿ ಮಾಡಿಕೊಂಡು ತಿನ್ನುವುದಕ್ಕೆ. ರೆಕಾರ್ಡಿನ ಕವರಿನ ಮೇಲೆ ಮಾರ್ಕರಿನಲ್ಲಿ ನಿಮಿಷ ಬರೆದಿಟ್ಟಿರುತ್ತಿದ್ದರು. ಕೇಳುಗರು ಮಾತ್ರ ಆಹಾ ಎಂಥ ಅಭಿರುಚಿ ಎಂದು ಫೋನ್ ಮಾಡಿ ಹೊಗಳುತ್ತಿದ್ದರು. ನಾನು ಶ್ರೀಧರನಿಗೆ ಹೇಳಿ ಹೇಳಿ ನಕ್ಕಿದ್ದೆ.

ನಿಮ್ಮದು ಹದಿನೇಳು ನಿಮಿಷ. ಗ್ಯಾರಿಯಿಂದ ಎರವಲು ತಂದ ರೆಕಾರ್ಡು. ಸೂಜಿ ಇಳಿಸಿ, "ತಂಗೀ, ಸ್ವಲ್ಪ ನೋಡ್ಕೋ, ಈಗ್ ಬಂದೆ" ಎಂದು ಹೊರಡುತ್ತಿದ್ದಿರಿ. ಕೋಣೆ ಖಾಲಿ ಬಿಡಬಾರದೆಂಬ ನಿಯಮವಿತ್ತು, ನಾನಿದ್ದೆನಲ್ಲ.

ಆದರೆ ನೀವು ಸಿಗರೇಟು ಸೇದುವವರಲ್ಲ. ನಿಮ್ಮ ಫೋನು ಮೇಜಿನ ಮೇಲೇ ಇರುತ್ತಿತ್ತು. ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ. ಎಲ್ಲರ ಉದ್ದದ ಹಾಡಿಗೂ ಕಾರಣ ಇತ್ತು, ನಿಮ್ಮದಕ್ಕೆ ಮಾತ್ರ — ಒಂದು ಸಲ ಕೇಳಿದ್ದರೆ ಆಗುತ್ತಿತ್ತು. ಒಂದೇ ಒಂದು ಸಲ, "ಎಲ್ಲಿಗೆ ಹೋಗ್ತೀರಾ ಅಣ್ಣಾ?" ಎಂದು. ಕೇಳಲಿಲ್ಲ. ಬರೆದುಕೊಂಡೆ.

ಅದು 2001. ಅವಳಿ ಗೋಪುರ ಉರುಳಿದ ಸೆಪ್ಟೆಂಬರ್ ಕಳೆದಿತ್ತು. ಎಲ್ಲರ ಕಾರಿನ ಮೇಲೂ ಬಾವುಟ, ಅಂಗಡಿಯಲ್ಲಿ ನಮ್ಮ ಬಣ್ಣದವರನ್ನು ಕಂಡರೆ ಮಾತು ನಿಲ್ಲಿಸುವ ಜನ. ನಾನು ಹಣೆಗೆ ಎಂದಿಗಿಂತ ದೊಡ್ಡ ಬೊಟ್ಟು ಇಡಲು ಶುರು ಮಾಡಿದ್ದೆ — ನಾನು ಅವರಲ್ಲ ಎಂದು ಹಣೆಯ ಮೇಲೇ ಬರೆದುಕೊಂಡಂತೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತಿದೆ. ಟೀವಿಯಲ್ಲಿ ದಿನವೂ ಒಂದೇ ಮಾತು: ಅನುಮಾನ ಬಂದರೆ ತಿಳಿಸಿ, ಅನುಮಾನ ಬಂದರೆ ತಿಳಿಸಿ. ನನಗೋ ಅನುಮಾನ ಬರುವುದಕ್ಕೆ ಕಾರಣವೇ ಬೇಕಿರಲಿಲ್ಲ.

ಅಕ್ಟೋಬರಿನ ಒಂದು ಮಧ್ಯಾಹ್ನ ಲಾಗ್ ಪುಸ್ತಕ ತಿರುವಿ ಹಾಕುತ್ತಿದ್ದಾಗ ಕಣ್ಣಿಗೆ ಬಿತ್ತು. ನಿಮ್ಮ ಹಾಡು ಒಂದು ವಾರ ಏಳೂ ಐದಕ್ಕೆ. ಮುಂದಿನ ವಾರ ಆರೂ ಐವತ್ತಕ್ಕೆ. ಅದರ ಮುಂದಿನ ವಾರ ಆರೂ ನಲವತ್ತಕ್ಕೆ. ಪ್ರತಿ ಶನಿವಾರ ಹತ್ತು ಹನ್ನೆರಡು ನಿಮಿಷ ಹಿಂದಕ್ಕೆ ಸರಿಯುತ್ತಿತ್ತು! ಮತ್ತೆ ನವೆಂಬರಿನ ಮೊದಲ ವಾರ ಒಮ್ಮೆಲೇ ಐದೂ ಇಪ್ಪತ್ತಕ್ಕೆ ಹಾರಿತು. ಯಾರಾದರೂ ಇಷ್ಟು ಲೆಕ್ಕಾಚಾರವಾಗಿ ಹಾಡು ಹಾಕುತ್ತಾರೆಯೇ? ಯಾರಿಗಾದರೂ ಸೂಚನೆ ಕೊಡುತ್ತಿದ್ದಾರೆಯೇ? ಎಲ್ಲಾ ಸಮಯಗಳನ್ನೂ ಒಂದು ಹಾಳೆಗೆ ಇಳಿಸಿದೆ. ಶ್ರೀಧರನಿಗೆ ತೋರಿಸಿದೆ. ಅವನು ಹೆದರಿದ. "ಗ್ರೀನ್ ಕಾರ್ಡ್‌ಗೆ ಅಪ್ಲೈ ಮಾಡಿದೀನಿ ಕಣೇ. ನಾಳೆ ಏನಾದ್ರೂ ಆದ್ರೆ ನೀನೂ ಅಲ್ಲೇ ಕೂತಿದ್ದೆ ತಾನೇ ಅಂತಾರೆ. ಹೇಳಿ ಕೈ ತೊಳ್ಕೊಂಡ್ಬಿಡು." ತಪ್ಪನ್ನು ಅವನ ಮೇಲೆ ಹಾಕುತ್ತಿಲ್ಲ. ತಲೆಗೆ ಹುಳ ಬಿಟ್ಟವಳು ನಾನು, ಅವನು ಹೆದರಿದ ಅಷ್ಟೆ.

ಆದರೂ ಆಗ ಕೊಡಲಿಲ್ಲ. ಕೊಟ್ಟದ್ದು ಅದಾದ ಮೇಲೆ — ಮತ್ತು ಇದೇ ನಾನು ಯಾರಿಗೂ ಹೇಳದ ಮಾತು.

ಮುಂದಿನ ಶನಿವಾರ ನೀವು ಎದ್ದು ಹೋಗಿ ನಾಲ್ಕು ನಿಮಿಷವಾಗಿರಬೇಕು, ಸೂಜಿ ಒಂದೇ ಕಡೆ ಸಿಕ್ಕಿಕೊಂಡಿತು. ಗಿಟಾರಿನ ಒಂದೇ ತುಣುಕು ಮತ್ತೆ ಮತ್ತೆ. ಬೆರಳ ತುದಿಯಿಂದ ಮೆಲ್ಲಗೆ ತಳ್ಳಿದರೆ ಸರಿಹೋಗುತ್ತದೆ, ಗ್ಯಾರಿ ಕಲಿಸಿದ್ದ. ತಳ್ಳಿದೆ, ಸರಿಹೋಯಿತು. ಆದರೂ ನೆಪ ಸಿಕ್ಕಿತಲ್ಲ, ನಿಮ್ಮನ್ನು ಹುಡುಕಿಕೊಂಡು ಹೊರಟೆ. ಕಾರಿಡಾರಿನಲ್ಲಿ ಯಾರೂ ಇಲ್ಲ. ಕೈ ತೊಳೆಯುವ ಸಿಂಕಿನ ಕೆಳಗೆ ನೆಲವೆಲ್ಲ ನೀರು. ಅಲ್ಲಿಂದ ಒದ್ದೆ ಹೆಜ್ಜೆ, ಹಳೆಯ ರೆಕಾರ್ಡುಗಳ ಉಗ್ರಾಣದವರೆಗೆ. ಮುಚ್ಚಿದ ಬಾಗಿಲ ಹೊರಗೆ ನಿಮ್ಮ ಶೂ, ಜೋಡಿಸಿಟ್ಟ ಶೂ, ಒಳಗೆ ಮಡಚಿಟ್ಟ ಕಾಲುಚೀಲ.

ಅಮೆರಿಕದವರಿಗೆ ಅದು ಒಂದು ಜೊತೆ ಶೂ. ನನಗೆ?

ಮೈಸೂರಿನ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಮಸೀದಿ. ನಾನು ಓದುತ್ತಾ ಕೂತಿದ್ದರೆ ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದಳು: "ಮಸೀದೀಲಿ ಕೂಗಿದ್ರು ಕಣೇ, ಎದ್ದು ದೀಪ ಹಚ್ಚು!" ಇಪ್ಪತ್ತು ವರ್ಷ ದಿನವೂ ಹಾಗೆ ದೀಪ ಹಚ್ಚಿದವಳು ನಾನು. ಮುಸ್ಸಂಜೆಯ ನಮಾಜಿಗೆ ಗಡಿಯಾರವಿಲ್ಲ, ಹೊತ್ತು ಮುಳುಗಬೇಕು ಅಷ್ಟೇ ಎಂದು ನನಗೆ ಯಾರೂ ಪುಸ್ತಕ ಓದಿ ಹೇಳಬೇಕಿರಲಿಲ್ಲ. ಚಳಿಗಾಲಕ್ಕೆ ಹೊತ್ತು ಬೇಗ ಮುಳುಗುತ್ತದೆ, ವಾರಕ್ಕೆ ಹತ್ತು ಹನ್ನೆರಡು ನಿಮಿಷ. ಆ ನವೆಂಬರಿನ ಹೊತ್ತಿಗೆ ಈ ದೇಶದ ಚಳಿಗಾಲದ ಪದ್ಧತಿಯಂತೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು, ಅದಕ್ಕೇ ಆ ಜಿಗಿತ. ನಿಮ್ಮ ಹಾಡು ಶುರುವಾದಾಗಲೆಲ್ಲ ಲಾಗ್ ಪುಸ್ತಕ ಕಾಣದೆ ನಾನೇ ಎದ್ದು ಲೈಟು ಹಾಕುತ್ತಿದ್ದೆ — ಪ್ರತಿ ವಾರ, ನಾನೇ! ಆ ಶೂಗಳ ಮುಂದೆ ನಿಂತಾಗ ಇಷ್ಟೂ ಒಂದೇ ಕ್ಷಣದಲ್ಲಿ ಹೊಳೆಯಿತು. ನಗುವೂ ಬಂತು. ಸದ್ದು ಮಾಡದೆ ಬಂದು ಕುರ್ಚಿಯಲ್ಲಿ ಕೂತೆ. ನೀವು ಅಂಗಿಯ ತೋಳು ಇಳಿಸಿಕೊಳ್ಳುತ್ತಾ ಬಂದು, "ಏನೂ ತೊಂದ್ರಿ ಆಗಲಿಲ್ಲಲ್ಲ ತಂಗಿ?" ಎಂದಿರಿ. ಇಲ್ಲ ಎಂದೆ.

ಅಲ್ಲಿಗೆ ಮುಗಿಯಬೇಕಿತ್ತು. ಹಾಳೆಯನ್ನು ಹರಿದು ಹಾಕಬೇಕಿತ್ತು.

ಸೋಮವಾರ ಮ್ಯಾನೇಜರ್ ಲಿಂಡಾ ಕರೆದು ಹೇಳಿದಳು, ನನಗೆ ಕಾರ್ಯಕ್ರಮ ಕೊಡಲು ಸದ್ಯಕ್ಕೆ ಯಾವ ಹೊತ್ತೂ ಖಾಲಿಯಿಲ್ಲ ಎಂದು. ಒಂದೂವರೆ ವರ್ಷದಿಂದ ಕಾಯುತ್ತಿದ್ದೆ. ಎಲ್ಲರ ಹೆಸರು, ಎಲ್ಲರ ಹಾಡು ಬರೆದೂ ಬರೆದೂ ನನ್ನ ದನಿ ಒಮ್ಮೆಯೂ ಆ ಮೈಕಿನಲ್ಲಿ ಕೇಳಿರಲಿಲ್ಲ. ಹೊಟ್ಟೆ ಉರಿಯಿತು. ಹಾಳೆ ಪರ್ಸಿನಲ್ಲೇ ಇತ್ತು. ತೆಗೆದು ಮೇಜಿನ ಮೇಲಿಟ್ಟೆ. ಶನಿವಾರ ಇಲಿಯಾಸ್ ಎಲ್ಲಿಗೆ ಹೋಗುತ್ತಾರೋ ಗೊತ್ತಿಲ್ಲ, ಸಮಯ ಹೀಗೆ ಬದಲಾಗುತ್ತದೆ, ನನಗೆ ಭಯ — ಇಷ್ಟು ಹೇಳಿದೆ. ಶೂ ವಿಷಯ ಹೇಳಲಿಲ್ಲ. ಒದ್ದೆ ಹೆಜ್ಜೆಯ ವಿಷಯ ಹೇಳಲಿಲ್ಲ. ಲಿಂಡಾ ಎರಡು ಸಲ ಕೇಳಿದಳು: "ಎಲ್ಲಿಗೆ ಹೋಗ್ತಾನೆ ಅಂತ ನಿಜವಾಗ್ಲೂ ಗೊತ್ತಿಲ್ವಾ?"

"ಗೊತ್ತಿಲ್ಲ" ಎಂದೆ. ಎರಡು ಸಲವೂ.

ಇಷ್ಟು ದೂರ ಹೋಗುತ್ತದೆಂದು ಗೊತ್ತಿರಲಿಲ್ಲ ಎಂದು ಬರೆಯಬಹುದಿತ್ತು. ಆದರೆ ಆ ದಿನಗಳಲ್ಲಿ ಅಂಥ ಹಾಳೆ ಎಲ್ಲಿಗೆ ಹೋಗುತ್ತದೆಂದು ಯಾರಿಗೆ ಗೊತ್ತಿರಲಿಲ್ಲ ಹೇಳಿ?

ಆ ಶನಿವಾರ ನೀವು ಎಂದಿನಂತೆ ಬಂದಿರಿ. ರಂಜಾನ್ ಶುರುವಾಗಿತ್ತು, ಸ್ಟೇಷನ್ನಿನವರಿಗೆಲ್ಲ ಹಂಚಲೆಂದು ಖರ್ಜೂರದ ಡಬ್ಬಿ ತಂದಿದ್ದಿರಿ. ಲಿಂಡಾ ಬಾಗಿಲಲ್ಲೇ ಕೀಲಿಕೈ ವಾಪಸ್ ಕೇಳಿದಳು. ನಿಮ್ಮ ಮುಖ ಸಪ್ಪಗಾಗಿದ್ದನ್ನು ಗಾಜಿನ ಈಚೆಯಿಂದ ನೋಡಿದೆ. ಕೀಲಿಕೈ ಕೊಟ್ಟಿರಿ. ಒಳಗೆ ಬಂದು ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು, "ಎಲ್ರಿಗೂ ಕೊಡು ತಂಗಿ" ಎಂದು ಹೋದಿರಿ. ನಾನು ಎಲ್ಲರಿಗೂ ಕೊಟ್ಟೆ. ಒಂದು ತಿಂದೆ ಕೂಡ.

ಶನಿವಾರ ನಾಲ್ಕರಿಂದ ಎಂಟು ನನ್ನದಾಯಿತು. ಎರಡು ವರ್ಷ ನಡೆಸಿದೆ. ನಾನೂ ಉದ್ದದ ಹಾಡು ಹಾಕುತ್ತಿದ್ದೆ, ಹತ್ತೊಂಬತ್ತು ನಿಮಿಷದ್ದು, ಮೈಸೂರಿಗೆ ಫೋನ್ ಮಾಡಿ ಅಮ್ಮನ ಜೊತೆ ಹರಟುವುದಕ್ಕೆ. ನನ್ನನ್ನು ಯಾರೂ ಏನೂ ಕೇಳಲಿಲ್ಲ.

ಮತ್ತೆ ನಿಮ್ಮನ್ನು ಕಂಡದ್ದು ನಾಲ್ಕು ವರ್ಷದ ಮೇಲೆ, ಶಿಕಾಗೋದ ಡೆವನ್ ಅವೆನ್ಯೂದಲ್ಲಿ. ಸೀರೆ ಕೊಳ್ಳಲು ಬಂದವಳು ಫೋನ್ ಕಾರ್ಡ್ ಬೇಕೆಂದು ಪಕ್ಕದ ಅಂಗಡಿಗೆ ನುಗ್ಗಿದರೆ ಗಲ್ಲಾದಲ್ಲಿ ನೀವು! ಗಡ್ಡ ಬೆಳ್ಳಗಾಗಿತ್ತು. "ಅಯ್ಯ, ನಮ್ ತಂಗಿ!" ಎಂದು ಎದ್ದು ಬಂದು ಚಹಾ ತರಿಸಿದಿರಿ. ಆ ಇಬ್ಬರು ಬಂದು ಹೋದಮೇಲೆ ಅಲ್ಲಿ ಅಂಗಡಿ ನಡೆಯಲಿಲ್ಲ ಎಂದು ನೀವೇ ಹೇಳಿದಿರಿ. ಆಮೇಲೆ ದನಿ ತಗ್ಗಿಸಿ: "ನೀ ಅದೀ ಅಂತ ಧೈರ್ಯ ಇತ್ತು ತಂಗಿ. ನಮ್ಮ ಕಡೆಯಾಕಿ, ಬಾಯಿಬಿಟ್ಟು ಹೇಳೋದು ಬೇಕಾಗಿಲ್ಲ, ತಾನೇ ತಿಳ್ಕೊಂತಾಳೆ ಅಂತ. ಇದು ಗ್ಯಾರಿ ಕೆಲ್ಸ. ಅವ್ನಿಗೊಬ್ಬನಿಗೆ ಹೇಳಿದ್ದೆ ನಾನು ಎಲ್ಲಿಗೆ ಹೋಗ್ತೀನಂತ."

ಚಹಾ ಕುಡಿದೆ. ನೀವು ಕಾರ್ಡಿಗೆ ದುಡ್ಡು ತೆಗೆದುಕೊಳ್ಳಲಿಲ್ಲ.

ಕಳೆದ ಭಾನುವಾರ ಗ್ಯಾರಿಯನ್ನು ನೋಡಿದೆ. ಲೈಬ್ರರಿಯ ಮೆಟ್ಟಿಲ ಮೇಲೆ, ಕೋಲು ಹಿಡಿದು. ಮೊದಲು ಕೇಳಿದ್ದೇ ನಿಮ್ಮನ್ನು. ಎಷ್ಟು ಸಲ ಫೋನ್ ಮಾಡಿದರೂ ಇಲಿಯಾಸ್ ತೆಗೆಯುವುದಿಲ್ಲ, ನಾನೇನು ತಪ್ಪು ಮಾಡಿದೆನೋ ಗೊತ್ತಾಗಲಿಲ್ಲ, ನಿನಗೇನಾದರೂ ಗೊತ್ತೇ ಎಂದ. ಆಗಲೂ ನಾನು, ಇಲಿಯಾಸಣ್ಣ — ಆಗಲೂ "ಗೊತ್ತಿಲ್ಲ" ಎಂದೆ. ಮೂರನೆಯ ಸಲ. ಪಕ್ಕದ ಬೀದಿಯಲ್ಲೇ ಇದ್ದ ತನ್ನ ಮನೆಗೆ ಕರೆದುಕೊಂಡು ಹೋಗಿ ಆ ಹದಿನೇಳು ನಿಮಿಷದ ರೆಕಾರ್ಡನ್ನು ನನ್ನ ಕೈಗಿತ್ತು, ಶಿಕಾಗೋ ಕಡೆ ಹೋದಾಗ ಅವನಿಗೆ ಕೊಡು ಎಂದ. ಕಾರಿನಲ್ಲಿ ಕೂತು ಅತ್ತೆ. ಅತ್ತದ್ದರಿಂದ ಯಾರಿಗೇನು ಉಪಯೋಗ?

ನೀವು ಕನ್ನಡ ಶಾಲೆಯಲ್ಲಿ ಓದಿದವರು, ಅದಕ್ಕೇ ಕನ್ನಡದಲ್ಲೇ ಬರೆದಿದ್ದೇನೆ. ಇದರ ಇನ್ನೊಂದು ಪ್ರತಿಯನ್ನು ಇಂಗ್ಲಿಷಿನಲ್ಲಿ ಬರೆದು ನಾಳೆ ಗ್ಯಾರಿಗೆ ನಾನೇ ಕೊಟ್ಟು ಬರುತ್ತೇನೆ, ಶೂ ವಿಷಯವನ್ನೂ ಬಿಡದೆ. ರೆಕಾರ್ಡು ಈ ಪಾರ್ಸೆಲಿನಲ್ಲಿದೆ. ಕವರಿನ ಹಿಂದೆ ಗ್ಯಾರಿ ಪೆನ್ಸಿಲಿನಲ್ಲಿ ತನ್ನ ನಂಬರು ಬರೆದಿದ್ದಾನೆ, ಮಾಸಿದೆ, ನಾನು ಮೇಲೆ ಮತ್ತೊಮ್ಮೆ ತಿದ್ದಿದ್ದೇನೆ.

ನನಗೆ ಉತ್ತರ ಬರೆಯುವುದು ಬೇಡ. ಗ್ಯಾರಿಗೆ ಫೋನ್ ಮಾಡಿ. ಅವನಿಗೆ ವಯಸ್ಸಾಗಿದೆ, ಫೋನ್ ತೆಗೆಯುವುದಕ್ಕೆ ತಡವಾಗುತ್ತದೆ, ಸ್ವಲ್ಪ ಹೊತ್ತು ಹಿಡಿದುಕೊಂಡಿರಿ.